ಹಗ್ಗ ತೂಗುವ ಮೊಳೆ

ಮೊನ್ನೆ ಮಾಗಡಿ ರಸ್ತೆಯ ಅಂಗಡಿಯೊಂದರ ಮುಂದೆ ಒದ್ದೆಯಾದ ತೆಂಗಿನ ನಾರಿನ ಹಗ್ಗದ ವಾಸನೆ ಮೂಗಿಗೆ ಬಡಿಯಿತು. ನಿಂತಲ್ಲೇ ನಿಂತುಬಿಟ್ಟೆ. ಕಣ್ಣ ಮುಂದೆ ರಾಜಾಜಿನಗರದ ನಮ್ಮ ಹಳೆಯ ವಠಾರ, ಬಾವಿಯ ರಾಟೆಯ ಕಿರುಗುಟ್ಟುವ ಸದ್ದು, ವಠಾರದ ಒಡತಿ ಗೌಡತಿಯಜ್ಜಿ…

ಐವತ್ತರ ದಶಕ. ಅಜ್ಜಿಯ ರಾಗಿ ಹೊಲವೆಲ್ಲ ಬಡಾವಣೆಗೆ ಹೋಗಿ, ಉಳಿದ ತುಂಡು ನೆಲದಲ್ಲಿ ವಠಾರ ಕಟ್ಟಿಸಿದ್ದರು. ಬಾವಿಯ ಪಕ್ಕದ ಮರದ ಕಂಬದಲ್ಲಿ ಮನೆಗೊಂದು ಮೊಳೆ, ಮೊಳೆಗೊಂದು ಹಗ್ಗ. ಒಬ್ಬರ ಹಗ್ಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮೊಳೆ ಇದ್ದವರಿಗೆ ನೀರು, ಅಷ್ಟೇ ಕಾನೂನು. ಬೆಳಗಿನ ಮಂಜಿನಲ್ಲಿ ಆ ಹಗ್ಗಗಳು ತೊಟ್ಟಿಕ್ಕುವುದನ್ನು ನೋಡುತ್ತಾ ನಾನು ಹಲ್ಲುಜ್ಜುವುದನ್ನೇ ಮರೆಯುತ್ತಿದ್ದೆ…

ಓಟು ಹೊಸದಾಗಿ ಬಂದಿದ್ದ ಕಾಲ. ವಠಾರದಲ್ಲೂ ಕೈ ಎತ್ತಿಸುವ ಹುಚ್ಚು. ಗೋಡೆಗೆ ಯಾವ ಬಣ್ಣ, ಅಂಗಳ ಯಾರು ಗುಡಿಸಬೇಕು, ಎಲ್ಲದಕ್ಕೂ ಕೈ. ಅಜ್ಜಿಗೂ ಅದು ಬಲು ಇಷ್ಟ. ಎಲ್ಲರಿಗಿಂತ ಮೊದಲು ಅವರದೇ ಕೈ ಮೇಲೇಳುತ್ತಿತ್ತು.

ಬಿನ್ನಿಪೇಟೆಯ ಗಿರಣಿಯಲ್ಲಿ ನೇಯುತ್ತಿದ್ದ ಸಾಬರೊಬ್ಬರು ಹೆಂಡತಿ, ಹಸುಗೂಸಿನೊಂದಿಗೆ ಹಿಂದಿನ ಕೋಣೆಗೆ ಬಾಡಿಗೆಗೆ ಬಂದರು. ಆ ಭಾನುವಾರವೇ ಎದುರುಮನೆಯ ಗುಮಾಸ್ತರು ಸಭೆ ಸೇರಿಸಿದರು.

"ಅವರಿಗೆ ಮೊಳೆ ಬೇಡ ಅನ್ನೋರು ಕೈ ಎತ್ತಿ."

ಎದ್ದವು ಕೈಗಳು, ನಮ್ಮಪ್ಪನದೂ ಸೇರಿ. ಸಾಬರ ಹೆಂಡತಿ ಖಾಲಿ ಬಿಂದಿಗೆ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಕಂಕುಳಲ್ಲಿ ಮಗು ಅಳುತ್ತಿತ್ತು. ನೀರಿಲ್ಲದ ಮೇಲೆ ಆ ಕೋಣೆ ಇದ್ದೇನು ಪ್ರಯೋಜನ? ಸಂಜೆಯೊಳಗೆ ಗಂಟುಮೂಟೆ ಕಟ್ಟಬೇಕಿತ್ತು.

"ಪ್ರಜಾಪ್ರಭುತ್ವ ಕಣ್ರಮ್ಮ. ಜಾಸ್ತಿ ಜನ ಹೇಳಿದ್ದೇ ನಡೀಬೇಕು," ಎಂದರು ಗುಮಾಸ್ತರು, ಕೈ ಎತ್ತದೆ ಜಗಲಿಯಲ್ಲಿ ಕೂತಿದ್ದ ಅಜ್ಜಿಯತ್ತ ತಿರುಗಿ.

ಅಜ್ಜಿ ಎಲೆಯಡಿಕೆ ಉಗಿದು ಬಂದರು. "ಬಣ್ಣಕ್ಕೆ ಎತ್ತಿ, ಗುಡ್ಸಾಕೆ ಎತ್ತಿ. ನೀರಿಗೆ ಎತ್ತಂಗಿಲ್ಲ ಕಣ್ರಪ್ಪ. ನಾಳೆ ನೀವೆಲ್ಲ ಸೇರ್ಕೊಂಡು ನನ್ ಬಾಯಾರಿಕೆಗೂ ಕೈ ಎತ್ತುಸ್ತೀರಾ?"

ಒರಳಿನ ಗುಂಡುಕಲ್ಲು ತಂದು, ತಮ್ಮ ಹಗ್ಗದ ಪಕ್ಕದಲ್ಲೇ ತಾವೇ ಮೊಳೆ ಹೊಡೆದರು. ಆ ಸದ್ದು ಈಗಲೂ ಕೇಳುತ್ತದೆ…

ಗುಮಾಸ್ತರು ಮನೆ ಖಾಲಿ ಮಾಡಿದರು. ಅಜ್ಜಿಯ ನೆಂಟರಲ್ಲಿ ಕೆಲವರು ಹಬ್ಬಕ್ಕೆ ಬರುವುದನ್ನೇ ಬಿಟ್ಟರು. ಅಜ್ಜಿಯೇನೂ ದೇವತೆಯಲ್ಲ, ಸಾಬರ ಮನೆಯ ಅಡುಗೆ ಮುಟ್ಟುತ್ತಿರಲಿಲ್ಲ, ರಂಜಾನಿಗೆ ಬಾಳೆಹಣ್ಣು ಮಾತ್ರ ಇಸಕೊಳ್ಳುತ್ತಿದ್ದರು. ಆದರೆ ಗಾಳಿ ಬೀಸಿದಾಗ ಅಕ್ಕಪಕ್ಕದ ಆ ಎರಡು ಹಗ್ಗಗಳು ತೂಗಾಡಿ ಒಂದಕ್ಕೊಂದು ತಾಕುತ್ತಿದ್ದವು. ಅಜ್ಜಿ ಅದನ್ನು ನೋಡಿಯೂ ಬೇರೆ ಮಾಡುತ್ತಿರಲಿಲ್ಲ.

"ಹಗ್ಗ ಬಾವಿಗಾ ಅಜ್ಜಿ? ಈಗೆಲ್ಲಿದೆ ಬಾವಿ!" ಹಗ್ಗ ಮುಟ್ಟಿ ನಿಂತಿದ್ದ ನನ್ನನ್ನು ನೋಡಿ ಅಂಗಡಿಯವನು ನಕ್ಕ. ನಿಜ. ಬಾವಿ ಮುಚ್ಚಿ ಎಷ್ಟೋ ಕಾಲವಾಯಿತು. ಗೌಡತಿಯಜ್ಜಿಯೂ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಿಗೆ ಮನೆ ಬಾಡಿಗೆಗೆ ಕೊಡಬಾರದು ಎಂದು ಈ ಭಾನುವಾರ ಮೀಟಿಂಗ್ ಇದೆ, ಕೈ ಎತ್ತಬೇಕಂತೆ. ಗೌಡತಿಯಜ್ಜಿ ಇರಬೇಕಿತ್ತು ಅನ್ನಿಸಿತು.

"ಹಗ್ಗ ಬೇಡ. ಒಂದು ಮೊಳೆ ಕೊಡಪ್ಪಾ," ಅಂದೆ.