ವನಿತಾಳ ಎಡಗೈ

ರಾಯದುರ್ಗದಲ್ಲಿ ಹೊಲಿಗೆ ಮಷಿನ್ನಿನ ಸದ್ದಿಲ್ಲದ ಬೀದಿ ಹುಡುಕಿದರೂ ಸಿಗುವುದಿಲ್ಲ. ಜೀನ್ಸ್ ಹೊಲಿದು ಬದುಕುವ ಊರು ನಮ್ಮದು. ಇಂಥ ಊರಿನಲ್ಲಿ ಹೊರಗಿನಿಂದ ಬಂದವಳು ಹೊಲಿಗೆಯಲ್ಲೇ ಹೆಸರು ಮಾಡುವುದೆಂದರೆ ಹುಡುಗಾಟವಲ್ಲ. ನನ್ನ ವಾರಗಿತ್ತಿ ವನಿತಾ ಅದನ್ನು ಮಾಡಿದಳು.

ಅವಳು ಮಡಕಶಿರಾ ಕಡೆಯ ರೇಷ್ಮೆ ಬೆಳೆಯುವ ಮನೆಯವಳು. ನನ್ನ ಮೈದುನನನ್ನು ಮದುವೆಯಾಗಿ ಬಂದಾಗ ಜೊತೆಗೆ ತಂದದ್ದು ಒಂದು ಟ್ರಂಕು, ತಾಯಿ ಚಿತ್ತಮ್ಮನ ಹಳೆಯ ಹೊಲಿಗೆ ಮಷಿನ್ನು, ಇನ್ನು ತಾಯಿ ಕಲಿಸಿದ ಒಂದೇ ಒಂದು ಪಾಠ: ‘ಎಡಗೈ ಬಿಡಬ್ಯಾಡ.’ ಹೊಲಿಯುವಾಗ ಎಡಗೈ ಬಟ್ಟೆಯನ್ನು ಒತ್ತಿ, ಹಿಂದಕ್ಕೆ ಹಿಡಿದೇ ಇರಬೇಕು. ಅವಳಿಗದು ವೇದವಾಕ್ಯ. ಟಿ.ವಿ. ನೋಡುವಾಗಲೂ ಆ ಕೈ ತೊಡೆಯನ್ನು ಒತ್ತುತ್ತಿರುತ್ತದೆ. ನಾನು ನಕ್ಕು, ನಿನ್ನ ತೊಡೆ ಎಲ್ಲಿಗೂ ಓಡಿಹೋಗುವುದಿಲ್ಲ ಬಿಡೇ ಅನ್ನುತ್ತಿದ್ದೆ.

ಅವಳು ಹಾಕಿದ ಹೊಲಿಗೆ ಮಾತ್ರ ಗೆರೆ ಎಳೆದಂತೆ. ಬೀದಿಯ ಹುಡುಗಿಯರೆಲ್ಲ ಕಲಿಯಲು ಬಂದರು. ಇಲ್ಲಿ ಚೆನ್ನಾಗಿ ಹೊಲಿದವರು ತಮ್ಮ ಮನೆಗೆ ಹೋಗಿ ಹೊಲಿದರೆ ಸೊಟ್ಟ ಬರುತ್ತದೆ ಎಂದು ದೂರುತ್ತಿದ್ದರು. ನಿಮ್ಮ ಮಷಿನ್ನೇ ಸರಿಯಿಲ್ಲ ಎಂದು ವನಿತಾ ಗತ್ತಿನಿಂದ ಹೇಳಿ ಕಳಿಸುತ್ತಿದ್ದಳು. ನಾವೂ ಹೌದೌದು ಎಂದು ತಲೆಯಾಡಿಸುತ್ತಿದ್ದೆವು.

ಕಲಿಯದೆ ಹೋದವಳು ನನ್ನ ಮಗಳು ಅಂಜನಾ ಒಬ್ಬಳೇ. ಬಟ್ಟೆ ತಾನಾಗಿಯೇ ಬಲಕ್ಕೆ ಓಡುತ್ತದೆ ಎನ್ನುತ್ತಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನೆಮಂದಿಯೆಲ್ಲ ಹಾಸ್ಯ ಮಾಡಿದೆವು. ನಿನ್ನ ಕೈಯಲ್ಲಿ ಹಿಡಿತವೇ ಇಲ್ಲವೆಂದು ವನಿತಾ ಬೈದಳು, ಅದೂ ಬಂದವರ ಎದುರಿಗೆ. ಹುಡುಗಿ ಮಷಿನ್ನು ಮುಟ್ಟುವುದನ್ನೇ ಬಿಟ್ಟು ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಇಡೀ ಊರು ಹೊಲಿಯುತ್ತದೆ, ನಾನು ಡಬ್ಬಕ್ಕೆ ತುಂಬುತ್ತೇನೆ ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದಳು.

ಹೋದ ವರ್ಷ ಅಂಜನಾಳ ಮದುವೆ ನಿಶ್ಚಯಕ್ಕೆ ದಿನ ಗೊತ್ತಾಯಿತು. ಹುಡುಗನ ಕಡೆಯವರು ಕಣೇಕಲ್ಲಿನಿಂದ ಬರುವವರಿದ್ದರು. ನಮ್ಮವ್ವ ತೀರಿಹೋಗುವ ಮೊದಲು ನನಗೆ ಕೊಟ್ಟ ಧರ್ಮಾವರಂ ರೇಷ್ಮೆ ಸೀರೆ ಪೆಟ್ಟಿಗೆಯಲ್ಲಿತ್ತು. ಮಡಿಕೆಗಳಲ್ಲಿ ಹಿಂಜಿತ್ತು, ಆದರೆ ಅಂಚು ಹೊಸದರಂತೆ ಹೊಳೆಯುತ್ತಿತ್ತು. ಅದನ್ನೇ ಲಾಂಗ್ ಫ್ರಾಕ್ ಮಾಡಿದರೆ ಅಜ್ಜಿಯೂ ಜೊತೆಗಿದ್ದ ಹಾಗೆ ಆಗುತ್ತದೆ ಎಂದಳು ಅಂಜನಾ. ವನಿತಾ ಕತ್ತರಿ ಇಟ್ಟಾಗ ನಾನು ಮುಖ ತಿರುಗಿಸಿಕೊಂಡೆ. ಅವ್ವನದೆಂದು ನನ್ನ ಹತ್ತಿರ ಬೇರೇನೂ ಇರಲಿಲ್ಲ.

ನಿಶ್ಚಯದ ಹಿಂದಿನ ದಿನ ಬೆಳಿಗ್ಗೆ, ಫ್ರಾಕಿನ ಕೆಳಗಿನ ಘೇರಿಗೆ ಸೀರೆಯ ಅಂಚನ್ನು ಅರ್ಧ ಕೂಡಿಸಿ ಆಗಿತ್ತು. ಕಟ್ ಅಂತ ಸದ್ದಾಗಿ ಮಷಿನ್ನು ನಿಂತೇಬಿಟ್ಟಿತು. ನಾನು ವನಿತಾಳಿಗೂ ಬೈದೆ, ಮಷಿನ್ನಿಗೂ ಬೈದೆ. ಸೀರೆ ಹಿಡಿದು ಎರಡು ಟೈಲರ್ ಅಂಗಡಿಗೆ ಓಡಿದೆ. ಒಬ್ಬರು ಕತ್ತರಿಸಿ ಅರ್ಧ ಹೊಲಿದದ್ದಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ ಎಂದು ಇಬ್ಬರೂ ಕೈಮುಗಿದರು.

ಕೊನೆಗೆ ಯೂನಿಟ್ಟುಗಳಲ್ಲಿ ರಿಪೇರಿ ಮಾಡುವ ರಾಮಾಂಜಿಯನ್ನು ಕರೆತಂದೆ. ಸೂಜಿಯ ಕೆಳಗೆ ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲಿನ ತುಂಡು ಎರಡಾಗಿತ್ತು. ಅದನ್ನು ಹಿಡಿದಿದ್ದ ಸಲಾಕೆಯೂ ಬಾಗಿತ್ತು. ಹಳೆಯ ಏಟು, ಎಂದೋ ಎತ್ತರದಿಂದ ಬಿದ್ದಿದೆ, ಅಂದಿನಿಂದಲೂ ಬಟ್ಟೆಯನ್ನು ಬಲಕ್ಕೆ ಎಳೆದಿದೆ ಎಂದ. ಎರಡನ್ನೂ ತೆಗೆದು ಹೊಸದು ಕೂರಿಸಿ, ಎದ್ದು ನಿಂತ.

“ಇಷ್ಟು ವರ್ಷ ಇದರಾಗ ಹೆಂಗ ಹೊಲದ್ರಮ್ಮ?” ಎಂದು ಕೇಳಿ ಚಹಾ ಕುಡಿದು ಹೋದ.

ವನಿತಾ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೇರ ರೇಷ್ಮೆಯ ಮೇಲೇ ಕೂತಳು. ಒಂದು ಗೇಣು ಹೋಗುವಷ್ಟರಲ್ಲಿ ಹೊಲಿಗೆ ವಾಲಿ ಜರಿಯ ಕಡೆ ನುಗ್ಗಿತು. ಬಿಚ್ಚಿದಳು. ಹತ್ತಿಯಾದರೆ ಸೂಜಿಯ ತೂತು ಒಂದು ಸಲ ಒಗೆದರೆ ಮುಚ್ಚಿಕೊಳ್ಳುತ್ತದೆ, ರೇಷ್ಮೆ ಮುಚ್ಚಿಕೊಳ್ಳುವುದಿಲ್ಲ. ಆ ತೂತುಗಳನ್ನು ಒಳಮಡಿಕೆಯಲ್ಲಿ ಒಂದು ಸಲ ಅಡಗಿಸಬಹುದಿತ್ತು. ಇನ್ನೊಮ್ಮೆ ತಪ್ಪಿದರೆ ಅಂಚೇ ಹಾಳು.

ಅವಳು ಚಿಂದಿ ಬಟ್ಟೆ ಹಾಕಿ ಪ್ರಯತ್ನಿಸಿದಳು. ಎಡಕ್ಕೆ ಹೋಯಿತು. ಮತ್ತೆ ಹಾಕಿದಳು, ಮತ್ತೆ ಎಡಕ್ಕೆ. ಕೈ ಸಡಿಲ ಬಿಡಬೇಕೆಂದು ಅವಳಿಗೂ ತಿಳಿಯಿತು, ಆದರೆ ಸೂಜಿ ಓಡಲು ಶುರುವಾದ ಕೂಡಲೇ ಆ ಕೈ ತಾನಾಗಿ ಒತ್ತುತ್ತಿತ್ತು. ಒಂದು ಬದುಕಿನ ಅಭ್ಯಾಸ ಒಂದು ಮಧ್ಯಾಹ್ನಕ್ಕೆ ಬಿಟ್ಟೀತೇ? ಅವಳ ಮುಖ ಬಿಳಿಚಿತು. ನನ್ನ ಬೈಗುಳವೂ ಬತ್ತಿಹೋಯಿತು.

ಅವಳು ತಾಯಿಗೆ ಫೋನು ಮಾಡಿ, ನಮ್ಮ ಮಷಿನ್ನು ಎಂದಾದರೂ ಬಿದ್ದಿತ್ತಾ ಎಂದು ಕೇಳಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

“ಬಿದ್ದಿತ್ತು ಕಣವ್ವ,” ಎಂದರು ಚಿತ್ತಮ್ಮ. “ಹಿಂದೂಪುರದಿಂದ ತರೋವಾಗ ಬಸ್ಸಿನ ಮ್ಯಾಲಿಂದ. ನಿಮ್ಮಪ್ಪ ಆಸೆಪಟ್ಟು ತಂದಿದ್ದ. ಕೆಟ್ಟೈತೆ ಅಂದ್ರೆ ನೊಂದ್ಕಂತಾನೆ ಅಂತ ನಾನು ಕೈನೇ ಹೊಂದಿಸ್ಕಂಡೆ. ನಿಂಗೂ ಹಂಗೇ ಕಲಿಸ್ದೆ.”

ವನಿತಾ ಫೋನು ಕೆಳಗಿಟ್ಟು ತನ್ನ ಎಡಗೈಯನ್ನು ನೋಡುತ್ತಾ ಕೂತಳು. ಆಮೇಲೆ ಅಡುಗೆಮನೆಯಲ್ಲಿದ್ದ ಅಂಜನಾಳನ್ನು ಕೂಗಿ, ಮಷಿನ್ನಿನ ಮುಂದೆ ಕೂರು ಅಂದಳು. ಹುಡುಗಿ ಒಲ್ಲೆ ಎಂದಳು. ವನಿತಾ ರಟ್ಟೆ ಹಿಡಿದು ಕೂರಿಸಿ, ಒಂದು ಚಿಂದಿ ಕೊಟ್ಟಳು. ಅಂಜನಾ ಹೆದರುತ್ತಾ ಹೊಲಿದಳು. ಗೆರೆ ನೆಟ್ಟಗೆ ಬಂತು. ಇನ್ನೊಂದು ಕೊಟ್ಟಳು, ಅದೂ ನೆಟ್ಟಗೆ. ವನಿತಾ ಅವ್ವನ ಸೀರೆಯನ್ನು ಎತ್ತಿ ಸೂಜಿಯ ಕೆಳಗೆ ಇಟ್ಟಳು.

ನನಗೆ ತಡೆಯಲಾಗಲಿಲ್ಲ. “ನಮ್ಮವ್ವನ ಸೀರಿ ತೊಗೊಂಡೋಗಿ ಆಕಿ ಕೈಯಾಗ ಕೊಡ್ತಿಯೇನ? ತಲಿ ನೆಟ್ಟಗೈತಿ ಇಲ್ಲ ನಿಂದು?”

“ತಲೆ ನೆಟ್ಟಗೈತೆ ಅಕ್ಕ, ಕೈಯೇ ನೆಟ್ಟಗಿಲ್ಲ,” ಎಂದಳು ವನಿತಾ. “ಇವಳ ಕೈ ಮೊದ್ಲಿಂದ್ಲೂ ಸರಿಯಿತ್ತು. ನಾನೇ ಇವಳನ್ನ ಎಬ್ಬಿಸಿ ಕಳಿಸ್ದೆ.”

ಅಂಜನಾ ತಲೆಯೆತ್ತಲಿಲ್ಲ. ಅವಳ ಕಣ್ಣೀರು ಎಲ್ಲಿ ರೇಷ್ಮೆಯ ಮೇಲೆ ಬಿದ್ದು ಕಲೆಯಾಗುತ್ತದೋ ಎಂದು ನಾನೇ ಸೆರಗು ಹಿಡಿದು ನಿಂತೆ. ಮಷಿನ್ನು ಗುಂಯ್ ಎಂದಿತು. ಉಳಿದರ್ಧ ಅಂಚು ಮುಗಿಯುವವರೆಗೆ ನಾವಿಬ್ಬರೂ ಸೂಜಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ ನಾನು ಅಂಚಿನುದ್ದಕ್ಕೂ ಉಗುರಾಡಿಸಿ ನೋಡಿದೆ. ಚಿಕ್ಕಮ್ಮನ ಹೊಲಿಗೆ ಎಲ್ಲಿ ನಿಂತು ಮಗಳದು ಎಲ್ಲಿ ಶುರುವಾಯಿತು ಎಂಬುದು ನನಗೆ ಗೊತ್ತಾಗಲಿಲ್ಲ.

ನಿಶ್ಚಯ ಚೆನ್ನಾಗಿ ಆಯಿತು. ಕಣೇಕಲ್ಲಿನವರು ಫ್ರಾಕ್ ಯಾರು ಹೊಲಿದದ್ದು ಎಂದು ಕೇಳಿದಾಗ ವನಿತಾ ನನಗಿಂತ ಮುಂಚೆ ಬಾಯಿಬಿಟ್ಟು, ಹುಡುಗಿಯೇ ಹೊಲಿದದ್ದು ಅಂದುಬಿಟ್ಟಳು.

ಮಾರನೆಯ ದಿನ ಪಾತ್ರೆ ತೊಳೆದು ಬಂದರೆ ಇಬ್ಬರೂ ಮಷಿನ್ನಿನ ಹತ್ತಿರ ಇದ್ದರು. ಈ ಸಲ ಸ್ಟೂಲಿನ ಮೇಲೆ ಕೂತವಳು ವನಿತಾ, ಹಿಂದೆ ನಿಂತವಳು ಅಂಜನಾ. ಚಿಂದಿ ಮತ್ತೆ ಎಡಕ್ಕೆ ವಾಲುತ್ತಿತ್ತು. ನನ್ನ ಮಗಳು ಬೈಯಲಿಲ್ಲ. ಬಗ್ಗಿ, ಚಿಕ್ಕಮ್ಮನ ಕೈಯನ್ನು ಮೆಲ್ಲಗೆ ಎತ್ತಿ ಅವಳ ತೊಡೆಯ ಮೇಲಿಟ್ಟಳು.

“ಎಡಗೈ ಬಿಡು ಚಿಕ್ಕಮ್ಮ. ಅದರಷ್ಟಕ್ಕ ಅದು ಹೋಗ್ತೈತಿ.”

ಬಟ್ಟೆ ನೆಟ್ಟಗೆ ಹೋಯಿತು. ವನಿತಾಳ ಎಡಗೈ ತೊಡೆಯ ಮೇಲೆ ಒತ್ತುತ್ತಲೇ ಇತ್ತು. ನಾನು ಈ ಸಲ ನಗಲಿಲ್ಲ.