ಹಾಡಿನಲ್ಲಿ ಸಿಕ್ಕಿಬಿದ್ದ ಡಾಕ್ಟರು

“ಹಾಡು ಬಿಡು ಅಂದ ಡಾಕ್ಟರ್ ಅಲ್ಲೇ ಕೂತಿದ್ದಾನೆ, ಅವನು ರಿಟೈರ್ ಆದರೂ ನಾನು ಆಗಲ್ಲ!” ಎಂದು ಇಂಗ್ಲಿಷಿನಲ್ಲಿ ಹಾಡುತ್ತ, ವೇದಿಕೆಯ ಮೇಲಿದ್ದ ಮುದುಕ ಗಿಟಾರನ್ನು ನನ್ನತ್ತ ತಿರುಗಿಸಿದ.

ನೈರೋಬಿಯ ಹೋಟೆಲೊಂದರಲ್ಲಿ ನಾನೂ ಹೆಂಡತಿಯೂ ಭಾನುವಾರದ ಊಟಕ್ಕೆ ಕೂತಿದ್ದೆವು. ಕೌಬಾಯ್ ಟೋಪಿ ತೊಟ್ಟ ಎಪ್ಪತ್ತೆಂಟರ ಆತ ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಹಾಡುಗಳ ಗಾಯಕ, ನನ್ನ ರೋಗಿ. ಹಿಂದಿನ ವಾರವಷ್ಟೇ ಅವನ ಗಂಟಲು ನೋಡಿ, ಇನ್ನು ಹಾಡಕೂಡದೆಂದು ಚೀಟಿ ಬರೆದುಕೊಟ್ಟವನು ನಾನೇ.

ಜನರೆಲ್ಲ ನನ್ನತ್ತ ನೋಡಿ ನಕ್ಕರು. “ರೀ, ಸುಮ್ನೆ ಚಪ್ಪಾಳೆ ಹೊಡೀರಿ,” ಎಂದಳು ಹೆಂಡತಿ. ಹೊಡೆದೆ. ದನಿ ಒಡೆದಿತ್ತು, ಹಾಡು ಮಾತ್ರ ಎಲ್ಲೂ ಮುಗ್ಗರಿಸಲಿಲ್ಲ.

ಅಂದಿನಿಂದ ಯಾರಿಗೇ ಆಗಲಿ “ನಿಲ್ಲಿಸಿ” ಎಂದು ಬರೆಯುವ ಮುನ್ನ, ಅದಿಲ್ಲದೆ ನಿಮಗೆ ಬೆಳಗಾಗುತ್ತದೆಯೇ ಎಂದು ಕೇಳುತ್ತೇನೆ. ಮತ್ತೊಂದು ಹಾಡಿನಲ್ಲಿ ಸಿಕ್ಕಿಬೀಳುವೆನೆಂಬ ಭಯವೂ ಇದೆ, ಸುಳ್ಳೇಕೆ ಹೇಳಲಿ!