ಪಾರಿವಾಳದ ಹಿಕ್ಕೆ ಮತ್ತು ನನ್ನ ತೋರುಬೆರಳು

ಬಹರೈನಿನಲ್ಲಿ ಚಳಿ ಉಂಟಾ ಎಂದು ಊರಿನವರು ನಗುತ್ತಾರೆ. ಜನವರಿಯ ಬೆಳಿಗ್ಗೆ ಬಡಗಣ ಗಾಳಿ ಬೀಸುವಾಗ, ಚಡ್ಡಿಯವರೆಗೆ ನೆನೆದು ನಿಂತು ನೋಡಲಿ, ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಹೊರಗೆ ನಿಲ್ಲಲಿಕ್ಕಾಗುವುದಿಲ್ಲವಲ್ಲ, ಕಟ್ಟಡ ತೊಳೆಸುವವರೆಲ್ಲ ಚಳಿಗಾಲಕ್ಕೇ ಕಾಯುತ್ತಾರೆ. ಜೋರಾಗಿ ನೀರು ಚಿಮ್ಮಿಸಿ ಗೋಡೆ ತೊಳೆಯುವ ನಮ್ಮ ಪ್ರೆಶರ್ ಪಂಪಿಗೆ ಆಗಲೇ ಸುಗ್ಗಿ, ನನಗೆ ಆಗಲೇ ವಾಕರಿಕೆ.

ಆ ವರ್ಷ ಸಿಕ್ಕಿದ್ದು ಮಾಹೂಝಿನ ಒಂದು ಹಳೆಯ ಅಪಾರ್ಟ್‌ಮೆಂಟು. ಹಿಂಬದಿಯಲ್ಲಿ ಎಸಿ ಇಡುವ ಕಟ್ಟೆಗಳ ಮೇಲೆ ಪಾರಿವಾಳದ ಹಿಕ್ಕೆ ಗೇಣು ದಪ್ಪಕ್ಕೆ ಗಟ್ಟಿಯಾಗಿ ಕೂತಿತ್ತು. ಒಣಗಿದ್ದಾಗ ಸುಣ್ಣದ ಹಾಗೆ ಇರುತ್ತದೆ. ನೀರು ಬಿದ್ದ ಕೂಡಲೇ ಥೂ, ಹಸಿರು ಗಂಜಿ. ಅದರೊಳಗೆ ಒಡೆದ ಮೊಟ್ಟೆ, ಗರಿ, ಸತ್ತ ಮರಿ. ಮೇಲೆ ನೋಡಿ ಉಗುಳಿದರೆ ಮುಖಕ್ಕೇ ಎನ್ನುತ್ತಾರಲ್ಲ, ನನ್ನ ಕೆಲಸವೇ ಅದು. ಕೆಳಗೆ ನಿಂತು ಮೇಲಕ್ಕೆ ನೀರು ಹೊಡೆಯುವುದು, ಗಾಳಿ ಅದನ್ನು ತಂದು ನನ್ನ ತುಟಿಗೇ ಹಚ್ಚುವುದು. ಆ ರುಚಿ ನನಗೆ ಗೊತ್ತುಂಟು, ಹೇಳುವುದಿಲ್ಲ.

ಮನೆಯಲ್ಲಿ ಇನ್ನೊಂದು ಅವಮಾನ. ಹೆಂಡತಿ ನರ್ಸು. ಗುಫೂಲಿನ ನಮ್ಮ ಮನೆಯ ಬಾಗಿಲ ಹತ್ತಿರವೇ ಒಂದು ಬಕೆಟು ಇಟ್ಟಿರುತ್ತಿದ್ದಳು. ಬಟ್ಟೆಯೆಲ್ಲ ಅದಕ್ಕೆ ಹಾಕಿ, ಮಿಂದು ಬರುವವರೆಗೆ ನಾನು ಏನನ್ನೂ ಮುಟ್ಟಬಾರದು, ಅವಳನ್ನಂತೂ ಮುಟ್ಟಲೇಬಾರದು. ಊಟಕ್ಕೆ ಕೂತಾಗಲೂ ಅವಳ ಕಣ್ಣು ನನ್ನ ಉಗುರಿನ ಮೇಲೆ. ನನ್ನನ್ನು ಕಂಡರೆ ಹೇಸಿಗೆಯಾ ಎಂದು ಎಷ್ಟೋ ಸಲ ಜಗಳ ತೆಗೆದಿದ್ದೇನೆ. ಅವಳು ಬಕೆಟು ತೋರಿಸುತ್ತಿದ್ದಳು.

ಆ ದಿನ ಮಧ್ಯಾಹ್ನದ ಹೊತ್ತಿಗೆ ಪಂಪಿನ ಒತ್ತಡ ಇಳಿಯಿತು. ಪೈಪು ಎಲ್ಲೋ ಸೋರುತ್ತಿತ್ತು. ಅದನ್ನು ಹುಡುಕಲಿಕ್ಕೆ ನಮ್ಮವರದ್ದೊಂದು ಕೆಟ್ಟ ಅಭ್ಯಾಸ: ಪಂಪು ಓಡುತ್ತಿರುವಾಗಲೇ ಪೈಪಿನ ಉದ್ದಕ್ಕೂ ಬರಿಗೈ ಸವರಿಕೊಂಡು ಹೋಗುವುದು. ಸೋರುವಲ್ಲಿ ಕೈಗೆ ಗೊತ್ತಾಗುತ್ತದಂತೆ. ಹಿಕ್ಕೆಯ ಕೆಸರಿನಲ್ಲಿ ಎಳೆದಾಡಿದ ಪೈಪು ಅದು. ನಾನೂ ಗ್ಲೌಸು ತೆಗೆದು ಸವರಿದೆ. ಗೊತ್ತಾಗುವುದು ಎಲ್ಲಿಂದ? ಬೆಳಿಗ್ಗೆಯಿಂದ ನೆನೆದು ಬೆರಳೆಲ್ಲ ಮರಗಟ್ಟಿತ್ತು. ಆಮೇಲೆ ನೋಡಿದರೆ ತೋರುಬೆರಳಿನ ತುದಿಯಲ್ಲಿ ಸಾಸಿವೆಯಷ್ಟು ಚುಕ್ಕೆ. ರಕ್ತವೂ ಇಲ್ಲ. ಜೊತೆಯಲ್ಲಿದ್ದ ಪೆಶಾವರದ ಚಾಚಾ ಸೊಳ್ಳೆ ಕಚ್ಚಿದ್ದು ಎಂದ, ನಾನೂ ಹೌದೆಂದೆ. ಪೈಪು ಬದಲಾಯಿಸಿ ಸಂಜೆಯವರೆಗೆ ಅದೇ ಬೆರಳಿನಲ್ಲಿ ನೀರು ಹೊಡೆಯುವ ಗನ್ನು ಒತ್ತಿದೆ.

ವ್ಯಾನಿನಲ್ಲಿ ಕೂತು ಮೈ ಬೆಚ್ಚಗಾದ ಮೇಲೆ ನೋವು ಎದ್ದಿತು. ಮನೆ ತಲುಪುವಾಗ ಬೆರಳು ತೊಂಡೆಕಾಯಿಯ ಹಾಗೆ ಉಬ್ಬಿತ್ತು, ಅಂಗಿಯ ಗುಂಡಿ ಬಿಚ್ಚಲಿಕ್ಕಾಗಲಿಲ್ಲ. ಅವಳು ರಾತ್ರಿಪಾಳಿಗೆಂದು ಬಿಳಿ ಯೂನಿಫಾರಂ ಹಾಕಿ ನಿಂತಿದ್ದಳು. ಏನಾಯಿತು ಎಂದು ಕೇಳಿದಳು, ಪೈಪಿನ ಕಥೆ ಹೇಳಿದೆ. ಅವಳ ಮುಖದ ಬಣ್ಣ ಹೋಯಿತು. ನಾಳೆ ನೋಡುವ, ಮೊದಲು ಮಿಂದು ಬರುತ್ತೇನೆ ಅಂದೆ.

"ಮೀಯುವುದು ಬೇಡ, ನಡೆಯಿರಿ," ಅಂದಳು. "ಪೈಪಿನ ತೂತಿನಿಂದ ಚಿಮ್ಮಿದ ನೀರು ಆ ಕೆಸರನ್ನೂ ಎಳೆದುಕೊಂಡು ಸೂಜಿಯ ಹಾಗೆ ಚರ್ಮದೊಳಗೆ ಹೊಕ್ಕಿದೆ. ತಡ ಮಾಡಿದರೆ ಬೆರಳು ಕಡಿಯಬೇಕಾಗುತ್ತದೆ."

ಟ್ಯಾಕ್ಸಿಯವನು ಮೂಗು ಮುಚ್ಚಿ ಕಿಟಕಿ ಇಳಿಸಿದ. ನನಗೇ ನನ್ನ ನಾತ ತಡೆಯಲಿಕ್ಕಾಗುತ್ತಿರಲಿಲ್ಲ. ಅವಳು ನನ್ನ ಕೈಯನ್ನು ಮೇಲೆತ್ತಿ, ತನ್ನ ಎದೆಗೆ ಆನಿಸಿ, ಆಸ್ಪತ್ರೆ ಬರುವವರೆಗೂ ಬಿಡಲಿಲ್ಲ. ನಾನು ಎರಡು ಸಲ ಎಳೆದುಕೊಳ್ಳಲು ನೋಡಿದೆ.

ಡಾಕ್ಟರು ಬೆರಳನ್ನು ಅಂಗೈಯವರೆಗೆ ಸೀಳಿ ತೊಳೆದರು. ಒಳಗಿನಿಂದ ಹಸಿರು ಕೆಸರು ಬಂತಂತೆ, ಛೀ, ನನ್ನ ಮೈಯೊಳಗಿಂದ. ಬೆರಳು ಉಳಿಯಿತು, ಆದರೆ ಈಗಲೂ ಪೂರ್ತಿ ಮಡಚುವುದಿಲ್ಲ.

ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಮನೆಗೆ ಬಂದಾಗ ಬಾಗಿಲ ಹತ್ತಿರದ ಬಕೆಟಿನಲ್ಲಿ ಅವಳು ಆಸ್ಪತ್ರೆಯಿಂದ ಮೊದಲೇ ತಂದು ಹಾಕಿದ್ದ ನನ್ನ ಅಂಗಿಯ ಜೊತೆ ಅವಳ ಯೂನಿಫಾರಮ್ಮೂ ನೆನೆಯುತ್ತಿತ್ತು. ಅದರ ಎದೆಯ ಮೇಲೆ ನನ್ನ ಐದೂ ಬೆರಳಿನ ಹಸಿರು ಗುರುತು ಇನ್ನೂ ಹೋಗಿರಲಿಲ್ಲ.